ಎಂಟು ಸೋಲು, ಎಂಟು ಗೆಲುವು

2022ರ ಡಿಸೆಂಬರ್ 30, ಶುಕ್ರವಾರ ರಾತ್ರಿ. ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಈಸ್ಟ್ ಬೆಂಗಾಲ್ ತಂಡಗಳ ನಡುವಿನ ಫುಟ್‌ಬಾಲ್ ಪಂದ್ಯ 1–1ರಲ್ಲಿ ನಿಂತಿತ್ತು. ತೊಂಬತ್ತು ನಿಮಿಷ ಮುಗಿದಿವೆ, ರೆಫರಿ ಸೀಟಿ ಊದುವುದೊಂದೇ ಬಾಕಿ. ಸದ್ಯ, ಒಂದು ಅಂಕವಾದರೂ ಸಿಕ್ಕಿತಲ್ಲ ಎಂದು ಬೆಂಗಳೂರಿನ ಅಭಿಮಾನಿಗಳು ಉಸಿರು ಬಿಡುವಷ್ಟರಲ್ಲಿ ಈಸ್ಟ್ ಬೆಂಗಾಲ್‌ಗೆ ಒಂದು ಫ್ರೀಕಿಕ್! ಒದ್ದವರು ಬ್ರೆಜಿಲ್‌ನ ಕ್ಲೀಟನ್ ಸಿಲ್ವ. ಹಿಂದಿನ ಎರಡು ಋತುಗಳಲ್ಲಿ ಬೆಂಗಳೂರಿನ ನೀಲಿ ಅಂಗಿ ತೊಟ್ಟು ಆಡಿದ್ದವರು. ಚೆಂಡು ಬಲೆ ಸೇರಿತು. 2–1.

ಅವತ್ತು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಏನು ಮಾತು ನಡೆದಿರಬಹುದೆಂದು ಊಹಿಸಿಕೊಳ್ಳುವುದು ಕಷ್ಟವಲ್ಲ.

‘ಊಟಕ್ಕೆ ಬಾರೋ, ಸಾರು ಆರಿಹೋಗ್ತಾ ಇದೆ.’

‘ಬೇಡಮ್ಮ. ಹಸಿವಿಲ್ಲ.’

‘ಮತ್ತೆ ಸೋತ್ರಾ?’

ಉತ್ತರವಿಲ್ಲ. ಒಳಗಿನ ಕೋಣೆಯಿಂದ ಅಪ್ಪನ ದನಿ: ‘ಅವರು ಸೋತರೆ ಇವನಿಗೇನಂತೆ? ಅವರಿಗೆ ಸೋತರೂ ಸಂಬಳ ಬರುತ್ತೆ. ಇವನಿಗೆ ಮಾರ್ಚಿನಲ್ಲಿ ಪರೀಕ್ಷೆ ಬರುತ್ತೆ!’

ಈ ಹುಡುಗನಿಗೆ ಹೆಸರು ಬೇಡ. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ, ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗದ ನಡುವೆ ಇಂಥವರು ಸಾಲು ಸಾಲಾಗಿ ಸಿಗುತ್ತಾರೆ. ಎರಡನೇ ಪಿಯುಸಿ ಎಂದಿಟ್ಟುಕೊಳ್ಳಿ. ಭೌತಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಂಡದ ಫಲಿತಾಂಶಗಳನ್ನು ಬರೆದಿಡುವ ಅಭ್ಯಾಸ: ಗೆದ್ದರೆ ನೀಲಿ ಶಾಯಿ, ಸೋತರೆ ಕೆಂಪು. ಆ ರಾತ್ರಿ ಪುಟ ತೆರೆದರೆ ಕಂಡ ಲೆಕ್ಕ ಇದು: ಐಎಸ್‌ಎಲ್‌ನಲ್ಲಿ ಆಡಿದ ಪಂದ್ಯ 12, ಗೆಲುವು 3, ಡ್ರಾ 1, ಸೋಲು 8. ಅಂಕ 10.

ಅಪ್ಪ ಸಿಟ್ಟಿನಲ್ಲಿ ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆಯೇ. ಅವರು ಸೋತರೆ ಇವನಿಗೇನು?

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೇ ಪ್ರಶ್ನೆಯ ಸುತ್ತ ಇದೆ. ಅಲ್ಲಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು, ತಮ್ಮ ತಂಡ ವಾರಾಂತ್ಯದಲ್ಲಿ ಗೆದ್ದರೆ ಸೋಮವಾರ ವಿಶ್ವವಿದ್ಯಾಲಯದ ಲಾಂಛನವಿರುವ ಅಂಗಿ ತೊಟ್ಟು ಬರುವುದು ಹೆಚ್ಚು ಎಂಬುದನ್ನು ಅವರು ಎಣಿಸಿ ನೋಡಿದರು. ಅಷ್ಟೇ ಅಲ್ಲ, ಪಂದ್ಯದ ಬಗ್ಗೆ ಫೋನಿನಲ್ಲಿ ವಿಚಾರಿಸಿದಾಗ ಗೆದ್ದ ಪಂದ್ಯಕ್ಕೆ ‘ನಾವು’ ಎಂಬ ಮಾತು ಹೆಚ್ಚು ಬಂತು, ಸೋತ ಪಂದ್ಯಕ್ಕೆ ‘ಅವರು’ ಎಂಬುದು. ನಮ್ಮ ಕನ್ನಡದಲ್ಲೂ ಹಾಗೆಯೇ ಅಲ್ಲವೇ? ‘ಗೆದ್ದ್ವಿ ಕಣೋ’ ಎನ್ನುವ ಬಾಯಿಯೇ ಮರುವಾರ ‘ಸೋತ್ರು ಕಣೋ’ ಎನ್ನುತ್ತದೆ. ಅಮ್ಮ ‘ಸೋತ್ರಾ’ ಎಂದು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ಹುಡುಗನಿಗೆ ಸೋತಾಗಲೂ ಅದು ‘ನಾವು’. ಕಷ್ಟ ಇರುವುದೇ ಅಲ್ಲಿ.

<b>ಸೋಲೇ ಗೊತ್ತಿಲ್ಲದ ತಲೆಮಾರು</b>

ಇನ್ನೊಂದು ಕಾರಣವೂ ಇದೆ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಈ ಹುಡುಗ ಆಗ ಮೂರನೆಯ ತರಗತಿಯ ಆಸುಪಾಸಿನಲ್ಲಿ. ಹುಟ್ಟಿದ ಮೊದಲ ಋತುವಿನಲ್ಲೇ ತಂಡ ಐ–ಲೀಗ್ ಗೆದ್ದಿತು! 2015ರಲ್ಲಿ ಪ್ರಶಸ್ತಿ ಕೈತಪ್ಪಿದ್ದು ಕಂಠೀರವದಲ್ಲಿ ನಡೆದ ಕೊನೆಯ ಪಂದ್ಯದ ಕೊನೆಯ ನಿಮಿಷಗಳಲ್ಲಿ, ಮೋಹನ್ ಬಾಗಾನ್ ಸಮ ಮಾಡಿಕೊಂಡಾಗ. 2016ರಲ್ಲಿ ಮತ್ತೆ ಐ–ಲೀಗ್ ಕಿರೀಟ, ಅದೇ ವರ್ಷ ಏಷ್ಯಾದ ಎಎಫ್‌ಸಿ ಕಪ್ ಫೈನಲ್. ಐಎಸ್‌ಎಲ್‌ಗೆ ಬಂದ ಮೊದಲ ಋತುವಿನಲ್ಲಿ ರನ್ನರ್ಸ್ ಅಪ್, ಎರಡನೆಯ ಋತುವಿನಲ್ಲಿ, 2019ರ ಮಾರ್ಚ್ 17ರಂದು, ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಚಾಂಪಿಯನ್. ಹದಿನಾಲ್ಕು ತುಂಬುವುದರೊಳಗೆ ಇಷ್ಟೆಲ್ಲ ಕಂಡ ಹುಡುಗನಿಗೆ ಗೆಲ್ಲುವುದೇ ತಂಡದ ಸ್ವಭಾವ ಎನ್ನಿಸಿದ್ದರೆ ಏನಾಶ್ಚರ್ಯ?

ಆತನ ತಾತನನ್ನು ಕೇಳಿದರೆ ಕಥೆಯೇ ಬೇರೆ. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. ಕೊನೆಯ ಸಲ 1968–69ರಲ್ಲಿ. ಆಮೇಲೆ ರಾಜ್ಯದ ಹೆಸರು ಕರ್ನಾಟಕವಾಯಿತು, ಎಷ್ಟೋ ತಂಡಗಳು ಬಂದು ಹೋದವು, ಟ್ರೋಫಿ ಮಾತ್ರ ಬರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಂದು ಭಾರತದ ಬಹುತೇಕ ಆಟಗಾರರು ಬರಿಗಾಲಿನಲ್ಲಿ ಆಡಿದ್ದರು. ಅಂಥ ಊರಿನ ಫುಟ್‌ಬಾಲ್ ಪ್ರೇಮಿಗಳು ದಶಕಗಟ್ಟಲೆ ಕಾಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಮೊಮ್ಮಗನಿಗೆ ಆ ಅಭ್ಯಾಸ ಇರಲಿಲ್ಲ.

ಹಾಗೆ ನೋಡಿದರೆ 2022ರ ಋತು ಶುರುವಾದದ್ದೂ ಸಂಭ್ರಮದಿಂದಲೇ. ಸೆಪ್ಟೆಂಬರ್ 18ರಂದು ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ತಂಡ ಡುರಾಂಡ್ ಕಪ್ ಎತ್ತಿತು. ಐಎಸ್‌ಎಲ್‌ನ ಮೊದಲ ಪಂದ್ಯದಲ್ಲಿ ನಾರ್ತ್‌ಈಸ್ಟ್ ವಿರುದ್ಧ ಗೆಲುವು. ನಂತರ ಚೆನ್ನೈಯಿನ್ ಜೊತೆ ಡ್ರಾ. ಆಮೇಲೆ ಹೈದರಾಬಾದ್, ಒಡಿಶಾ, ಈಸ್ಟ್ ಬೆಂಗಾಲ್, ಮುಂಬೈ — ನಾಲ್ಕಕ್ಕೆ ನಾಲ್ಕೂ ಕೆಂಪು ಶಾಯಿ. ಮುಂಬೈಯಲ್ಲಿ 0–4. ಗೋವಾದಲ್ಲಿ ಒಂದು ಗೆಲುವು ಸಿಕ್ಕಿತೆಂದು ನೀಲಿ ಪೆನ್ನು ಹುಡುಕುವಷ್ಟರಲ್ಲಿ ಮತ್ತೆ ಎರಡು ಸೋಲು. ಜಮ್ಷೆಡ್‌ಪುರದ ವಿರುದ್ಧ ಗೆದ್ದರೆ, ಮರುವಾರ ತವರಿನಲ್ಲೇ ಹೈದರಾಬಾದ್‌ಗೆ 0–3. ಕೊನೆಗೆ ಆ ಕ್ಲೀಟನ್ ಫ್ರೀಕಿಕ್.

ಇಂಥ ದಿನಗಳಲ್ಲಿ ಅಭಿಮಾನಿಯ ಮನಸ್ಸು ಪೊಲೀಸ್ ಠಾಣೆಯಾಗುತ್ತದೆ. ತಪ್ಪು ಯಾರದು? ಕೆಲವರಿಗೆ ತರಬೇತುದಾರ ಸೈಮನ್ ಗ್ರೇಸನ್. ಕೆಲವರಿಗೆ ಫಿಜಿಯಿಂದ ಬಂದ ರಾಯ್ ಕೃಷ್ಣ. 38 ವರ್ಷದ ಸುನಿಲ್ ಛೆಟ್ರಿಗೆ ವಯಸ್ಸಾಯಿತೇ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದೇ. ಇನ್ನು ಕೆಲವರಿಗೆ ತಪ್ಪು ತಮ್ಮದೇ! ಆ ಹಳೆಯ ಅಂಗಿ ಒಗೆಯಲು ಹಾಕಬಾರದಿತ್ತು, ಎರಡನೆಯ ಅವಧಿ ನೋಡಬಾರದಿತ್ತು, ಸೋಫಾದ ಎಡಗಡೆ ಕೂರಬೇಕಿತ್ತು. ಭೌತಶಾಸ್ತ್ರ ಓದುವ ಹುಡುಗರೂ ಇದಕ್ಕೆ ಹೊರತಲ್ಲ.

<b>‘ಲಯ’ದ ಲೆಕ್ಕ</b>

ಇಂಗ್ಲಿಷಿನವರು ಫಾರ್ಮ್ ಎನ್ನುವುದನ್ನು ನಮ್ಮ ಕ್ರೀಡಾಪುಟಗಳು ‘ಲಯ’ ಎನ್ನುತ್ತವೆ. ವಿಚಿತ್ರ ಪದ. ಸಂಗೀತದವರಿಗೆ ಲಯವೆಂದರೆ ತಾಳದ ನಡೆ, ಪುರಾಣದಲ್ಲಿ ಲಯವೆಂದರೆ ಎಲ್ಲವೂ ಮುಳುಗಿಹೋಗುವುದು. ಆ ಡಿಸೆಂಬರಿನಲ್ಲಿ ಬೆಂಗಳೂರು ಎಫ್‌ಸಿಯದು ಎರಡನೆಯದೇ ಎಂದು ಎಲ್ಲರೂ ತೀರ್ಮಾನಿಸಿದ್ದರು.

ಆದರೆ ಕೆಂಪು ಸಾಲುಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಂಟು ಸೋಲುಗಳಲ್ಲಿ ಆರು, ಒಂದೇ ಗೋಲಿನ ಅಂತರದವು: ನಾಲ್ಕು 0–1, ಒಂದು 1–2, ಕೊಚ್ಚಿಯಲ್ಲಿ ಕೇರಳದ ವಿರುದ್ಧ ಒಂದು 2–3. ನಿಜವಾಗಿ ನೆಲಕಚ್ಚಿದ್ದು ಎರಡೇ ಪಂದ್ಯಗಳಲ್ಲಿ. ಕ್ರಿಕೆಟ್‌ನಲ್ಲಿ ಒಂದು ರನ್ನಿನಿಂದ ಸೋಲುವುದು ಅಪರೂಪ. ಫುಟ್‌ಬಾಲ್‌ನಲ್ಲಿ ಒಂದು ಗೋಲಿನಿಂದ ಸೋಲುವುದು ದಿನನಿತ್ಯದ ಸಂಗತಿ. ತೊಂಬತ್ತು ನಿಮಿಷಕ್ಕೆ ಎರಡು ಮೂರು ಗೋಲು ಬಂದರೆ ಹೆಚ್ಚು. ಹೀಗಿರುವಾಗ ಕಂಬಕ್ಕೆ ಬಡಿದ ಒಂದು ಚೆಂಡು, ರೆಫರಿ ಕೊಡದ ಒಂದು ಪೆನಾಲ್ಟಿ ಇಡೀ ಫಲಿತಾಂಶವನ್ನೇ ತಿರುಗಿಸುತ್ತದೆ. ಆಟದಲ್ಲಿ ಗೋಲು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು.

ಗಣಿತ ಬಲ್ಲ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಗೆಲ್ಲುವುದು, ಸೋಲುವುದು, ಸಮ ಮಾಡಿಕೊಳ್ಳುವುದು — ಮೂರಕ್ಕೂ ಸಮಾನ ಸಾಧ್ಯತೆ ಇರುವ ಒಂದು ಸಾಧಾರಣ ತಂಡ ಇದೆ ಎನ್ನೋಣ. ಒಂದು ಪಂದ್ಯದಲ್ಲಿ ಅದು ಗೆಲ್ಲದೆ ಇರುವ ಸಾಧ್ಯತೆ ಮೂರರಲ್ಲಿ ಎರಡು. ಸತತ ಐದು ಪಂದ್ಯ ಗೆಲ್ಲದೆ ಇರುವ ಸಾಧ್ಯತೆ, ಮೂರರಲ್ಲಿ ಎರಡನ್ನು ಐದು ಬಾರಿ ಗುಣಿಸಿದಷ್ಟು: 243ರಲ್ಲಿ 32, ಅಂದರೆ ನೂರಕ್ಕೆ 13. ಕಡಿಮೆಯೆನಿಸಿತೇ? ತಾಳಿ. ಇಪ್ಪತ್ತು ಪಂದ್ಯಗಳ ಇಡೀ ಋತುವಿನಲ್ಲಿ ಎಲ್ಲಾದರೂ ಒಂದು ಕಡೆ ಇಂಥ ಐದರ ಸಾಲು ಕಾಣಿಸಿಕೊಳ್ಳುವ ಸಾಧ್ಯತೆ ನೂರಕ್ಕೆ ಸುಮಾರು 65! ಆಟಗಾರರು ಸೋಮಾರಿಗಳಾಗಬೇಕಿಲ್ಲ, ತರಬೇತುದಾರನಿಗೆ ಬುದ್ಧಿ ಕೆಡಬೇಕಿಲ್ಲ. ಬೆಂಗಳೂರಿನ ಆ ವರ್ಷದ ಗೆಲುವಿಲ್ಲದ ದೊಡ್ಡ ಸಾಲು ಎಷ್ಟು ಪಂದ್ಯದ್ದು ಗೊತ್ತೇ? ಸರಿಯಾಗಿ ಐದು.

ಹಾಗಾದರೆ ತರಬೇತುದಾರನನ್ನು ಬದಲಿಸಿದರೆ? ಸೋಲುವ ತಂಡಗಳ ಮೊದಲ ಮದ್ದು ಅದು. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ನೆದರ್ಲೆಂಡ್ಸ್ ಲೀಗಿನ ಲೆಕ್ಕ ತೆಗೆದು ನೋಡಿದ್ದಾರೆ. ತರಬೇತುದಾರನನ್ನು ಕಿತ್ತುಹಾಕಿದ ಮೇಲೆ ತಂಡಗಳು ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕೆಳಗಿಳಿದೂ ತರಬೇತುದಾರನನ್ನು ಉಳಿಸಿಕೊಂಡಿದ್ದ ತಂಡಗಳೂ ಹಾಗೆಯೇ ಚೇತರಿಸಿಕೊಂಡಿದ್ದವು. ಔಷಧ ಕೊಟ್ಟರೆ ಏಳು ದಿನ, ಕೊಡದಿದ್ದರೆ ಒಂದು ವಾರ ಎನ್ನುವ ನೆಗಡಿಯ ಹಾಗೆ.

ಇದು ಫುಟ್‌ಬಾಲ್‌ಗಷ್ಟೇ ಸೀಮಿತವಲ್ಲ ಎಂಬುದನ್ನು ಅಪ್ಪ–ಅಮ್ಮಂದಿರು ಗಮನಿಸಬೇಕು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಇಸ್ರೇಲಿನ ವಾಯುಪಡೆಯ ಶಿಕ್ಷಕರಿಗೆ ಪಾಠ ಮಾಡುತ್ತಿದ್ದಾಗ, ಹೊಗಳಿಕೆ ಬೈಗುಳಕ್ಕಿಂತ ಮೇಲು ಎಂದರಂತೆ. ಹಿರಿಯ ಶಿಕ್ಷಕರೊಬ್ಬರು ಎದ್ದು ನಿಂತು ಒಪ್ಪಲಿಲ್ಲ. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ. ಇದು ತಮ್ಮ ಅನುಭವ ಎಂದರು. ಅನುಭವ ಸುಳ್ಳಲ್ಲ. ಆದರೆ ಕಾರಣ ಬೇರೆ ಎಂಬುದು ಕಾಹ್ನೆಮನ್‌ಗೆ ಹೊಳೆಯಿತು. ಯಾರೇ ಆಗಲಿ ತನ್ನ ಸರಾಸರಿಗಿಂತ ತೀರ ಕೆಳಗಿಳಿದಾಗ ಮುಂದಿನ ಯತ್ನ ಸಾಮಾನ್ಯವಾಗಿ ಮೇಲಕ್ಕೇ ಬರುತ್ತದೆ, ತೀರ ಮೇಲೇರಿದಾಗ ಕೆಳಕ್ಕೆ. ನಡುವೆ ಬೈದರೂ ಸರಿ, ಹೊಗಳಿದರೂ ಸರಿ, ಸುಮ್ಮನಿದ್ದರೂ ಸರಿ. ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ಗದರಿಸಿ, ಮುಂದಿನದರಲ್ಲಿ ಹೆಚ್ಚು ಬಂದದ್ದನ್ನು ತಮ್ಮ ಗದರಿಕೆಯ ಲೆಕ್ಕಕ್ಕೆ ಬರೆದುಕೊಂಡ ತಂದೆ–ತಾಯಿ ಎಷ್ಟು ಮಂದಿಯೋ!

ಹಾಗೆಂದು ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವುದೂ ಸರಿಯಲ್ಲ. ಹನ್ನೆರಡು ಪಂದ್ಯಗಳಲ್ಲಿ ಬೆಂಗಳೂರು ಹೊಡೆದಿದ್ದ ಗೋಲು ಬರೀ 8. ಆ ದರಿದ್ರವನ್ನು ನಾಣ್ಯ ಚಿಮ್ಮುವ ಲೆಕ್ಕದಿಂದ ಮಾತ್ರ ವಿವರಿಸಲಾಗದು. ಮುನ್ಪಡೆಯಲ್ಲಿ ಏನೋ ಕೊರತೆ ಇತ್ತು. ಅದನ್ನು ತುಂಬಿದ್ದು ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್. ರಾಯ್ ಕೃಷ್ಣ ಜೊತೆಗೆ ಆತ ಮುಂದೆ ನಿಂತ, ಛೆಟ್ರಿ ಹಲವು ಪಂದ್ಯಗಳಲ್ಲಿ ಬದಲಿ ಆಟಗಾರರ ಬೆಂಚಿನಲ್ಲಿ ಕೂತರು. ದೇಶದ ನಾಯಕ ಬೆಂಚಿನಲ್ಲಿ! ಆ ದೃಶ್ಯ ಹಲವರಿಗೆ ಸೋಲಿಗಿಂತ ಹೆಚ್ಚು ನೋವು ಕೊಟ್ಟಿರಬೇಕು. ಛೆಟ್ರಿ ಮಾತ್ರ ಹೇಳಿದಾಗ ಇಳಿದರು, ಆಡಿದರು.

<b>ನೀಲಿ ಶಾಯಿ</b>

ಆಡಳಿತ ಮಂಡಳಿ ಗ್ರೇಸನ್ ಅವರನ್ನು ತೆಗೆಯಲಿಲ್ಲ. 2023ರ ಜನವರಿಯಲ್ಲಿ ನಾರ್ತ್‌ಈಸ್ಟ್ ವಿರುದ್ಧ 2–1. ಅಂಕಪಟ್ಟಿಯ ಕೊನೆಯಲ್ಲಿದ್ದ ತಂಡ ಅದು, ಅದರಲ್ಲೇನು ಹೆಚ್ಚುಗಾರಿಕೆ ಎಂದವರೇ ಹೆಚ್ಚು. ಒಡಿಶಾ ವಿರುದ್ಧ 3–1. ಜಮ್ಷೆಡ್‌ಪುರ, 3–0. ಚೆನ್ನೈಯಿನ್, 3–1. ಫೆಬ್ರುವರಿ 5ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ 2–1. ಈಗ ನೋಟ್‌ಬುಕ್ಕಿನ ಪುಟ ನೀಲಿಯಾಗತೊಡಗಿತು. 11ರಂದು ಕೇರಳದ ಮೇಲೆ ರಾಯ್ ಕೃಷ್ಣ ಹೊಡೆದ ಒಂದೇ ಗೋಲಿನ ಗೆಲುವು. 15ರಂದು ಬಂದದ್ದು ಮುಂಬೈ ಸಿಟಿ, ಆ ಲೀಗಿನಲ್ಲಿ ಅಲ್ಲಿಯವರೆಗೆ ಒಂದೇ ಒಂದು ಪಂದ್ಯ ಸೋಲದ ತಂಡ. ನವೆಂಬರಿನಲ್ಲಿ 4–0ರಿಂದ ಹೊಸಕಿ ಹಾಕಿದ್ದವರು. ಕಂಠೀರವದಲ್ಲಿ ಬೆಂಗಳೂರು 2–1. ಕೊನೆಗೆ ಗೋವಾ, 3–1.

ಎಂಟು ಪಂದ್ಯ, ಎಂಟು ಗೆಲುವು, 24 ಅಂಕ. ಮೊದಲ ಹನ್ನೆರಡರ ದರದಲ್ಲೇ ನಡೆದಿದ್ದರೆ ಇಪ್ಪತ್ತು ಪಂದ್ಯಗಳಿಗೆ ಹದಿನಾರೋ ಹದಿನೇಳೋ ಅಂಕ ಆಗುತ್ತಿತ್ತು, ಆದದ್ದು 34. ಹನ್ನೆರಡು ಪಂದ್ಯಗಳಲ್ಲಿ 8 ಗೋಲು ಹೊಡೆದ ತಂಡ ಎಂಟು ಪಂದ್ಯಗಳಲ್ಲಿ 19 ಹೊಡೆದಿತ್ತು. ನಾಲ್ಕನೆಯ ಸ್ಥಾನ, ಪ್ಲೇಆಫ್‌ಗೆ ಪ್ರವೇಶ.

ಮಾರ್ಚ್ 3ರ ಪ್ಲೇಆಫ್ ಪಂದ್ಯವನ್ನು ಕಂಡವರು ಮರೆಯಲಾರರು. ಕಂಠೀರವ, ಎದುರಾಳಿ ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಫ್ರೀಕಿಕ್ಕನ್ನು, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ, ಬದಲಿಯಾಗಿ ಬಂದಿದ್ದ ಛೆಟ್ರಿ ಮೆಲ್ಲಗೆ ಬಲೆಗೆ ತೂರಿಸಿಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು! ಗೆಲುವು ಬೆಂಗಳೂರಿನ ಪಾಲಾಯಿತು. ನಿಯಮದ ಪ್ರಕಾರ ಸರಿ, ಆದರೆ ಆಟದ ಮರ್ಯಾದೆಗೆ ಸರಿಯೇ ಎಂಬ ಚರ್ಚೆ ಎರಡೂ ರಾಜ್ಯಗಳಲ್ಲಿ ಬಹಳ ದಿನ ನಡೆಯಿತು. ಆ ಗದ್ದಲದಲ್ಲಿ ಮರುದಿನದ ಸುದ್ದಿ ಹಲವರ ಕಣ್ಣು ತಪ್ಪಿತು: ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತ್ತು. ಐವತ್ನಾಲ್ಕು ವರ್ಷಗಳ ನಂತರ. ತಾತನ ತಂಡ.

ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಮುಂಬೈ ವಿರುದ್ಧ 1–0. ಮತ್ತೆ ಛೆಟ್ರಿ, ಮತ್ತೆ ಬೆಂಚಿನಿಂದ ಎದ್ದು ಬಂದು. ಎರಡನೆಯ ಪಂದ್ಯದಲ್ಲಿ 1–2 ಆದದ್ದರಿಂದ ಪೆನಾಲ್ಟಿ ಷೂಟೌಟ್; 9–8. ಮಾರ್ಚ್ 18ರಂದು ಗೋವಾದಲ್ಲಿ ಫೈನಲ್. ಮೋಹನ್ ಬಾಗಾನ್ ಜೊತೆ 2–2, ಷೂಟೌಟ್‌ನಲ್ಲಿ 3–4. ಅಂಥ ಓಟದ ಕೊನೆಗೆ ಹೀಗೆ ಸೋಲುವುದು ಎಂಟು ಸೋಲಿಗಿಂತ ಕೆಟ್ಟದ್ದೋ ಒಳ್ಳೆಯದ್ದೋ, ಅದನ್ನು ಹೇಳಬೇಕಾದವರು ಪಶ್ಚಿಮ ಗ್ಯಾಲರಿಯವರೇ.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಫುಟ್‌ಬಾಲ್‌ಗೆ ಅಂಥ ದಾಕ್ಷಿಣ್ಯವಿಲ್ಲ. ಮರುಋತುವಿನಲ್ಲಿ ತಂಡ ಮತ್ತೆ ಮುಗ್ಗರಿಸಿತು. 2023ರ ಡಿಸೆಂಬರಿನಲ್ಲಿ ಮುಂಬೈ ವಿರುದ್ಧ ತವರಿನಲ್ಲೇ 0–4ರಿಂದ ಸೋತ ಬೆನ್ನಲ್ಲೇ ಗ್ರೇಸನ್ ಹೊರನಡೆದರು. ಸ್ಪೇನ್‌ನ ಜೆರಾರ್ಡ್ ಜರಗೋಸ ಬಂದರು. ಈ ಸಲ ಎಂಟು ಗೆಲುವಿನ ಪವಾಡ ನಡೆಯಲಿಲ್ಲ. 22 ಪಂದ್ಯಗಳಿಗೆ 22 ಅಂಕ, ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. ಕೆಟ್ಟ ಸಾಲು ತಾನೇ ಮುಗಿಯುತ್ತದೆ ಎಂದು ಗಣಿತ ಹೇಳಿದರೂ, ಎಷ್ಟು ಎತ್ತರಕ್ಕೆ ಮರಳುತ್ತದೆಂದು ಹೇಳುವುದಿಲ್ಲ. ಸರಾಸರಿಯೇ ಕೆಳಗಿಳಿದಿದ್ದರೆ ಮರಳುವುದೂ ಅಲ್ಲಿಗೇ. ಮಗ ಒಂದು ಪರೀಕ್ಷೆಯಲ್ಲಿ ಎಡವಿದನೋ, ಪಾಠವೇ ಅರ್ಥವಾಗುತ್ತಿಲ್ಲವೋ ಎಂದು ಮನೆಯವರು ತಿಳಿಯಲು ಒದ್ದಾಡುವಂತೆಯೇ ಇದು. ಒಂದೆರಡು ಅಂಕಪಟ್ಟಿಯಿಂದ ಅದು ಗೊತ್ತಾಗದು. ಪಕ್ಕದಲ್ಲಿ ಕೂತು ನೋಡಬೇಕು.

2024–25ರಲ್ಲಿ ಅದೇ ಜರಗೋಸ ಕೈಕೆಳಗೆ ತಂಡ ಲೀಗಿನಲ್ಲಿ ಮೂರನೆಯದಾಯಿತು. ನಲವತ್ತು ದಾಟಿದ ಛೆಟ್ರಿ, ಮುಗಿದೇ ಹೋದರು ಎಂದು ಎರಡು ವರ್ಷ ಹಿಂದೆ ಜನ ಮನಸ್ಸಿನಲ್ಲೇ ಅಂದುಕೊಂಡಿದ್ದ ಅದೇ ಛೆಟ್ರಿ, ಆ ಲೀಗಿನಲ್ಲಿ 14 ಗೋಲು ಹೊಡೆದರು. ಏಪ್ರಿಲ್ 6ರಂದು ಗೋವಾದಲ್ಲಿ ಸೆಮಿಫೈನಲ್‌ನ ಎರಡನೆಯ ಪಂದ್ಯ. ಬೆಂಗಳೂರು 0–2ರಿಂದ ಹಿಂದೆ, ಎರಡು ಪಂದ್ಯಗಳ ಒಟ್ಟು ಲೆಕ್ಕ 2–2. ತೊಂಬತ್ತು ನಿಮಿಷ ಮುಗಿದ ಮೇಲೆ ಛೆಟ್ರಿ ತಲೆಯಿಂದ ಹೊಡೆದ ಚೆಂಡು ಒಳಗೆ ಹೋಯಿತು. ಅಂದು ಬೆಂಗಳೂರಿನ ಯಾವ ಯಾವ ಮನೆಗಳಲ್ಲಿ, ಅವರು ಗೆದ್ದರೆ ಇವನಿಗೇನು ಎಂದು ಕೇಳುತ್ತಿದ್ದ ಅಪ್ಪಂದಿರೂ ಕುರ್ಚಿಯಿಂದ ಎದ್ದರೋ ಲೆಕ್ಕ ಇಟ್ಟವರಿಲ್ಲ.

ಆರು ದಿನಗಳ ನಂತರ, ಏಪ್ರಿಲ್ 12ರ ಶನಿವಾರ, ಫೈನಲ್. ಅದೇ ಸಾಲ್ಟ್‌ಲೇಕ್, ಎದುರಾಳಿ ಮೋಹನ್ ಬಾಗಾನ್. ಬೆಂಗಳೂರು ಮುಂದಿತ್ತು, ಪೆನಾಲ್ಟಿಯಿಂದ ಸಮವಾಯಿತು, ಹೆಚ್ಚುವರಿ ಅವಧಿಯಲ್ಲಿ 1–2.

‘ಸೋತ್ವಾ?’ ಎಂದು ಕೇಳಿದರು ಅಮ್ಮ.

‘ಹೂಂ.’

ನೋಟ್‌ಬುಕ್ಕು ಈಗ ಭೌತಶಾಸ್ತ್ರದ್ದಲ್ಲ, ಕೊನೆಯ ಪುಟ ಮಾತ್ರ ಇದೆ. ಹುಡುಗ ಕೆಂಪು ಶಾಯಿಯಲ್ಲಿ ಬರೆದು ಮುಚ್ಚಿಟ್ಟು ಊಟಕ್ಕೆ ಎದ್ದ. ಸಾರು ಅಂದೂ ಆರಿತ್ತು.